ವರದಿಗಳೆಲ್ಲ ನಾರ್ಮಲ್, ಕಾಯಿಲೆ ಮಾತ್ರ ಹಾಗೇ ಇದೆ: ಅಪರೂಪದ ರೋಗವನ್ನು ಪತ್ತೆಹಚ್ಚುವ ದಾರಿ

ನಾಲ್ಕು ತಜ್ಞರನ್ನು ನೋಡಿದ್ದಾಯಿತು. ರಕ್ತಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲವೂ ಮುಗಿದವು. ಎಲ್ಲ ವರದಿಗಳ ಕೊನೆಗೂ ಒಂದೇ ಪದ, ನಾರ್ಮಲ್. ಆದರೂ ಮಗುವಿನ ನಡಿಗೆ ತಿಂಗಳಿಂದ ತಿಂಗಳಿಗೆ ಹದಗೆಡುತ್ತಿದೆ, ಇಲ್ಲವೇ ದೊಡ್ಡವರೊಬ್ಬರ ಹೊಟ್ಟೆನೋವು ಮತ್ತೆ ಮತ್ತೆ ಆಸ್ಪತ್ರೆ ಸೇರಿಸುತ್ತಿದೆ. ಇದನ್ನು ಬರೆದಿರುವುದು ಅಂಥ ರೋಗಿಗಳಿಗೆ, ಅವರ ಮನೆಯವರಿಗೆ, ಅವರನ್ನು ಮೊದಲು ನೋಡುವ ವೈದ್ಯರಿಗೆ.

ನಾರ್ಮಲ್ ಎಂಬ ವರದಿ ತನಗೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಕೇಳದೇ ಉಳಿದ ಪ್ರಶ್ನೆಗೆ, ತಪ್ಪು ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ, ಕೆಟ್ಟುಹೋದ ಸ್ಯಾಂಪಲ್ಲನ್ನು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಅಪರೂಪದ ಕಾಯಿಲೆ ವರ್ಷಗಟ್ಟಲೆ ಕೈಗೆ ಸಿಗದೆ ತಪ್ಪಿಸಿಕೊಳ್ಳುವುದು ಬಹುಪಾಲು ಈ ಮೂರು ಬಾಗಿಲುಗಳಿಂದಲೇ.

ಅಪರೂಪ ಎಂದರೆ ಎಷ್ಟು ಅಪರೂಪ? ಅಮೆರಿಕದಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗೆ ಇರುವ ಕಾಯಿಲೆ. ಅಲ್ಲಿನ ಆರ್ಫನ್ ಡ್ರಗ್ ಕಾಯ್ದೆ ಬಂದದ್ದು 1983ರಲ್ಲಿ. ಯುರೋಪಿನ ಒಕ್ಕೂಟದಲ್ಲಿ 10,000 ಮಂದಿಯಲ್ಲಿ 5ಕ್ಕಿಂತ ಹೆಚ್ಚಿರದ ಕಾಯಿಲೆ. ಇಂಥವು 6,000ಕ್ಕೂ ಹೆಚ್ಚಿವೆ, ಸುಮಾರು 70% ವಂಶವಾಹಿ ಮೂಲದವು. ಒಂದೊಂದಾಗಿ ನೋಡಿದರೆ ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಮ್ಮೆ ಕಂಡಾರು, ಕಾಣದೆಯೂ ಇದ್ದಾರು. ಎಲ್ಲವನ್ನೂ ಕೂಡಿಸಿದರೆ ಜಗತ್ತಿನ ಜನಸಂಖ್ಯೆಯ 3.5ರಿಂದ 5.9%. ಹಾಗಾಗಿ ನಿಮ್ಮ ವೈದ್ಯರಿಗೆ ಆ ಕಾಯಿಲೆಯ ಹೆಸರು ತಟ್ಟನೆ ಹೊಳೆಯದಿದ್ದರೆ ಅದು ಅಸಡ್ಡೆ ಆಗಬೇಕಿಲ್ಲ. ಅವರಿಗೆ ಹೊಳೆಯುವಂತೆ ಕಥೆಯನ್ನು ಜೋಡಿಸಿ ಮುಂದಿಡುವುದು ಮೊದಲ ಕೆಲಸ.

ಒಂದೇ ಫೈಲು, ಮೊದಲ ಹಾಳೆಯಲ್ಲಿ ಇಡೀ ಕಥೆ

ನರರೋಗ ತಜ್ಞರು ನರವನ್ನು ನೋಡಿದರು, ಚರ್ಮದ ವೈದ್ಯರು ಚರ್ಮವನ್ನು, ಕಿಡ್ನಿಯವರು ಕಿಡ್ನಿಯನ್ನು. ಇಡೀ ಆನೆಯನ್ನು ಯಾರೂ ನೋಡಲಿಲ್ಲ. ಅದನ್ನು ತೋರಿಸಬೇಕಾದದ್ದು ಒಂದೇ ಒಂದು ಹಾಳೆ. ಹತ್ತು ನಿಮಿಷದ ಭೇಟಿಯಲ್ಲಿ 300 ಪುಟಗಳ ಕಟ್ಟನ್ನು ಯಾವ ವೈದ್ಯರೂ ಓದಲಾರರು. ಒಂದು ಹಾಳೆಯನ್ನು ಎಲ್ಲರೂ ಓದುತ್ತಾರೆ.

ಆ ಹಾಳೆಯಲ್ಲಿ ಎಡಗಡೆ ವಯಸ್ಸು, ಬಲಗಡೆ ಏನಾಯಿತು ಎಂಬುದು. ತಾರೀಖಿಗಿಂತ ವಯಸ್ಸು ಮುಖ್ಯ, ಏಕೆಂದರೆ ಕಾಯಿಲೆಗಳನ್ನು ಬೇರ್ಪಡಿಸುವುದು ಲಕ್ಷಣ ಶುರುವಾದ ವಯಸ್ಸು. ಗರ್ಭದಲ್ಲಿದ್ದಾಗಿನ ತೊಂದರೆ, ಹುಟ್ಟಿದಾಗಿನ ತೂಕ ಮತ್ತು ತಲೆಯ ಸುತ್ತಳತೆ, ಕುತ್ತಿಗೆ ನಿಂತದ್ದು, ಕೂತದ್ದು, ನಡೆದದ್ದು, ಮಾತಾಡಿದ್ದು ಯಾವಾಗ ಎಂದು ಬರೆಯಿರಿ. ಕಲಿತದ್ದನ್ನು ಮಗು ಮರೆಯಿತೇ ಎಂಬ ಒಂದು ಸಾಲಿಗೆ ವಿಶೇಷ ತೂಕವಿದೆ. ನಿಧಾನವಾಗಿ ಕಲಿಯುವ ಮಗು ಒಂದು ಗುಂಪಿನ ಕಾಯಿಲೆಗಳ ಕಡೆ ಕೈ ತೋರಿಸಿದರೆ, ಕಲಿತ ನಡಿಗೆ ಅಥವಾ ಮಾತನ್ನು ಕಳೆದುಕೊಂಡ ಮಗು ಬೇರೆಯದೇ ಗುಂಪಿನ ಕಡೆ, ಅದೂ ತುರ್ತಾಗಿ, ಕೈ ತೋರಿಸುತ್ತದೆ.

'ಸುಸ್ತು' ಎಂದು ಬರೆಯಬೇಡಿ. 'ಎರಡು ಮಹಡಿ ಹತ್ತಿದರೆ ಐದು ನಿಮಿಷ ಕೂರಬೇಕು, ಬೆಳಿಗ್ಗೆ ಇರುವುದಿಲ್ಲ, ಸಂಜೆಗೆ ಹೆಚ್ಚು' ಎಂದು ಬರೆಯಿರಿ. ಏನು ಮಾಡಿದರೆ ಹೆಚ್ಚಾಗುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ ಎಂಬುದು ರೋಗದ ಹೆಸರನ್ನೇ ಹೇಳಿಬಿಡಬಹುದು. ಉಪವಾಸವಿದ್ದಾಗ ಅಥವಾ ಜ್ವರ ಬಂದಾಗ ಮಂಪರು ಕವಿಯುವುದು ಶರೀರದ ಇಂಧನ ಬಳಕೆಯ ದೋಷದ ಗುರುತು. ಬೆಳಿಗ್ಗೆ ಸರಿಯಾಗಿ ನಡೆದು ಸಂಜೆಗೆ ಕಾಲು ತಿರುಚಿಕೊಳ್ಳುವ ಮಗುವಿಗೆ ಲೆವೊಡೋಪಾ ಎಂಬ ಔಷಧಿಗೆ ಸ್ಪಂದಿಸುವ ಡಿಸ್ಟೋನಿಯಾ (ಸ್ನಾಯುಗಳು ತಾವಾಗಿ ಬಿಗಿದು ತಿರುಚುವ ಕಾಯಿಲೆ) ಇರಬಹುದು. ಊಟವಾದ ಮೇಲೆ ಫಿಟ್ಸ್ ಕಡಿಮೆಯಾದರೆ, ಮಿದುಳಿಗೆ ಗ್ಲೂಕೋಸ್ ಸಾಗಿಸುವ ಪ್ರೋಟೀನಿನ ಕೊರತೆಯಾದ ಗ್ಲೂಟ್-1 ಕೊರತೆಯ ಬಗ್ಗೆ ಯೋಚಿಸಬೇಕು.

ಎರಡನೆಯ ಹಾಳೆ ಮೂರು ತಲೆಮಾರಿನ ವಂಶವೃಕ್ಷ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ. ಪಕ್ಕದಲ್ಲಿ ವಯಸ್ಸು, ಕಾಯಿಲೆ, ಸಾವಿನ ಕಾರಣ. ಗರ್ಭಪಾತ, ಹುಟ್ಟಿದ ಕೂಡಲೇ ತೀರಿಹೋದ ಮಕ್ಕಳು, 'ಕಾರಣ ತಿಳಿಯದೆ' ಸತ್ತವರು, ಎಳೆವಯಸ್ಸಿನಲ್ಲೇ ಡಯಾಲಿಸಿಸ್ ಅಥವಾ ಪಾರ್ಶ್ವವಾಯು ಆದವರು ಯಾರೂ ಬಿಟ್ಟುಹೋಗಬಾರದು. ಗಂಡಹೆಂಡಿರು ಮದುವೆಗೆ ಮೊದಲೇ ರಕ್ತಸಂಬಂಧಿಗಳೇ ಎಂಬುದನ್ನು ಮುಚ್ಚಿಡಬೇಡಿ. ಅದು ಯಾರ ತಪ್ಪನ್ನೂ ಹೇಳುವುದಿಲ್ಲ. ಯಾವ ಬಗೆಯ ಆನುವಂಶಿಕತೆಯನ್ನು ಹುಡುಕಬೇಕೆಂದು ಲ್ಯಾಬಿಗೆ ದಾರಿ ತೋರಿಸುತ್ತದೆ.

ಬಂದುಹೋಗುವ ಲಕ್ಷಣಗಳಿಗೆ ಮೊಬೈಲಿನ ವಿಡಿಯೋ ಯಾವ ವಿವರಣೆಗಿಂತಲೂ ಮೇಲು. ಮುಖ, ಕಣ್ಣು, ಎರಡೂ ಕೈಕಾಲು ಒಟ್ಟಿಗೆ ಕಾಣುವಷ್ಟು ದೂರದಿಂದ ಹಿಡಿಯಿರಿ. ಹೆಸರು ಹಿಡಿದು ಕರೆಯಿರಿ, ಉತ್ತರ ಬರುತ್ತದೆಯೇ ದಾಖಲಾಗಲಿ. ಲಕ್ಷಣ ನಿಂತ ಮೇಲೂ ಎರಡು ನಿಮಿಷ ಹಿಡಿಯುತ್ತಿರಿ. ಚರ್ಮದ ಕಲೆ, ಊತ, ಬಣ್ಣ ಬದಲಾದ ಮೂತ್ರದ ಫೋಟೋ ತೆಗೆದು ಸಮಯ ಬರೆದಿಡಿ.

ಮೂರನೆಯದು ಪರೀಕ್ಷೆಗಳ ಪಟ್ಟಿ. 'ನಾರ್ಮಲ್' ಎಂದು ಬರೆಯದೆ ಸಂಖ್ಯೆ, ಘಟಕ, ಆ ಲ್ಯಾಬಿನ ಸಾಮಾನ್ಯ ಮಿತಿ, ಸ್ಯಾಂಪಲ್ ತೆಗೆದಾಗ ರೋಗಿ ಹೇಗಿದ್ದರು ಎಂಬ ನಾಲ್ಕನ್ನೂ ಬರೆಯಿರಿ. ಸ್ಕ್ಯಾನಿನ ವರದಿಯೊಂದೇ ಸಾಲದು, ಚಿತ್ರಗಳಿರುವ ಸಿ.ಡಿ. ಬೇಕು. ಬಯಾಪ್ಸಿ ಆಗಿದ್ದರೆ ಸ್ಲೈಡು ಮತ್ತು ಮೇಣದ ಬ್ಲಾಕು ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಅವನ್ನು ಮತ್ತೊಬ್ಬರು ನೋಡಿ ಬೇರೆಯದೇ ಉತ್ತರ ಕೊಡುವುದುಂಟು.

ಅನುಮಾನ ಹುಟ್ಟಬೇಕಾದ ಜಾಗಗಳು

ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಅಂಗಗಳು ಒಬ್ಬರಲ್ಲೇ ಕೆಟ್ಟಿವೆ. ವಯಸ್ಸಿಗೆ ಹೊಂದದ ಕಾಯಿಲೆ ಬಂದಿದೆ. ಸರಿಯಾದ ಔಷಧಿಗೂ ಬಗ್ಗುತ್ತಿಲ್ಲ. ಮನೆಯಲ್ಲಿ ಇನ್ನೊಬ್ಬರಿಗೂ ಹೀಗೇ ಇತ್ತು. ಈ ನಾಲ್ಕರಲ್ಲಿ ಎರಡಿದ್ದರೂ ಇರುವ ನಿರ್ಣಯವನ್ನು ಮತ್ತೆ ಪ್ರಶ್ನಿಸಬೇಕು. ಮಾತಿನಲ್ಲಿ ಹೇಳಿದರೆ ಪೊಳ್ಳೆನಿಸಬಹುದು, ಆದ್ದರಿಂದ ಪದೇ ಪದೇ ತಪ್ಪಿಹೋಗುವ ಕೆಲವನ್ನು ಬಿಡಿಸಿ ನೋಡೋಣ.

ಪುಟ್ಟ ಹುಡುಗನೊಬ್ಬನ ರಕ್ತದಲ್ಲಿ ಎಎಲ್‌ಟಿ, ಎಎಸ್‌ಟಿ ಹೆಚ್ಚಿವೆ. ಲಿವರಿನ ಕಾಯಿಲೆ ಎಂದುಕೊಂಡು ಸ್ಕ್ಯಾನು, ಬಯಾಪ್ಸಿ ತನಕ ಹೋಗುತ್ತಾರೆ. ಆದರೆ ಈ ಎರಡೂ ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಸ್ನಾಯುವಿನಿಂದ ಬಾರದ ಲಿವರಿನ ಕಿಣ್ವ ಜಿಜಿಟಿ ಸರಿಯಾಗಿದ್ದರೆ ಬಯಾಪ್ಸಿಗೆ ಮೊದಲು, ಸ್ನಾಯುವಿನ ಕಿಣ್ವ ಅಳೆಯುವ ಸಿಕೆ ಎಂಬ ಒಂದು ಸರಳ ರಕ್ತಪರೀಕ್ಷೆ ಮಾಡಿಸಬೇಕು. ಅದು ಸಾವಿರಗಟ್ಟಲೆ ಬಂದರೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಸ್ನಾಯುರೋಗದ ಕಡೆ ತಿರುಗಬೇಕು.

ಚಿಕ್ಕಂದಿನಿಂದ ಜ್ವರ ಬಂದಾಗ, ಸೆಖೆಯಲ್ಲಿ, ಅಂಗೈ ಅಂಗಾಲು ಬೆಂಕಿಯಂತೆ ಉರಿಯುತ್ತವೆ, ಬೆವರು ಬರುವುದಿಲ್ಲ, ಹೊಕ್ಕುಳ ಸುತ್ತ ಸಣ್ಣ ಕೆಂಪು ಚುಕ್ಕೆಗಳು, ಆಮೇಲೆ ಮೂತ್ರದಲ್ಲಿ ಪ್ರೋಟೀನ್: ಇದು ಕಿಣ್ವವೊಂದರ ಕೊರತೆಯಿಂದ ಬರುವ ಆನುವಂಶಿಕ ಫ್ಯಾಬ್ರಿ ಕಾಯಿಲೆಯ ಚಿತ್ರ. ಗಂಡಸರಲ್ಲಿ ಕಿಣ್ವದ ಪರೀಕ್ಷೆಯಿಂದ ಗೊತ್ತಾಗುತ್ತದೆ. ಹೆಂಗಸರಲ್ಲಿ ಅದೇ ಕಿಣ್ವ ನಾರ್ಮಲ್ ಬರಬಹುದು. ಅವರಿಗೆ ಆ ಕಿಣ್ವ ತಯಾರಿಸುವ ಜಿಎಲ್‌ಎ ಜೀನಿನ ಪರೀಕ್ಷೆಯೇ ಆಗಬೇಕು. ಕಿಣ್ವ ಸರಿಯಿದೆ ಎಂದು ಮನೆಗೆ ಕಳಿಸಿದ ಹೆಣ್ಣುಮಕ್ಕಳಿಗೂ ಹೃದಯ, ಕಿಡ್ನಿ ಎರಡೂ ಹಾಳಾಗಬಹುದು.

ತುರಿಕೆಯಿಲ್ಲ, ದದ್ದಿಲ್ಲ, ಆದರೆ ತುಟಿ, ಕೈ ಅಥವಾ ಕರುಳು ಎರಡು ಮೂರು ದಿನ ಊದಿಕೊಳ್ಳುತ್ತದೆ. ಅಲರ್ಜಿಯ ಔಷಧಿಗೆ ಇಳಿಯುವುದಿಲ್ಲ. ಆನುವಂಶಿಕ ಆಂಜಿಯೊಎಡೀಮಾ ಇರಬಹುದು. ಸಿ4 ಎಂಬ ರಕ್ತಪರೀಕ್ಷೆಯಿಂದ ಶುರುಮಾಡಿ, ಊತವನ್ನು ತಡೆಯುವ ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನ್ ಎಷ್ಟಿದೆ, ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ಎರಡನ್ನೂ ನೋಡಬೇಕು. ಪ್ರಮಾಣ ಸರಿಯಿದ್ದು ಕೆಲಸ ಮಾತ್ರ ಕುಂಠಿತವಾದ ಬಗೆಯೂ ಒಂದಿದೆ.

ಸಹಿಸಲಾಗದ ಹೊಟ್ಟೆನೋವು, ಒತ್ತಿದರೆ ಮೆತ್ತಗಿನ ಹೊಟ್ಟೆ, ಜೋರಾದ ನಾಡಿ, ರಕ್ತದಲ್ಲಿ ಸೋಡಿಯಂ ಕಡಿಮೆ, ಕೈಗಳಲ್ಲಿ ಬಲಹೀನತೆ: ಅಕ್ಯೂಟ್ ಪೋರ್ಫೈರಿಯಾ (ದೇಹ ಹೀಮ್ ಎಂಬ ವಸ್ತುವನ್ನು ತಯಾರಿಸುವಲ್ಲಿನ ದೋಷ) ಎಂದು ಶಂಕಿಸಿ. ಇವರಿಗೆ ಅನಗತ್ಯವಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗುವುದು, 'ಮಾನಸಿಕ' ಎಂಬ ಹಣೆಪಟ್ಟಿ ಅಂಟುವುದು ಎರಡೂ ನಡೆಯುತ್ತವೆ. ಆ ಹಣೆಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒತ್ತಡದಿಂದ ಲಕ್ಷಣ ಹೆಚ್ಚುವುದು ನಿಜ. ಆದರೆ ಮಾನಸಿಕ ಎಂಬ ನಿರ್ಣಯಕ್ಕೂ ತನ್ನದೇ ಪುರಾವೆ ಬೇಕು. ಬೇರೇನೂ ಸಿಗಲಿಲ್ಲ ಎಂಬುದು ಪುರಾವೆಯಲ್ಲ. ಹಾಗೆ ಹೇಳಿದಾಗ ಜಗಳಕ್ಕೆ ನಿಲ್ಲದೆ, "ಇದಕ್ಕೆ ಹೊಂದದ ಲಕ್ಷಣ ಯಾವುದಾದರೂ ಇದೆಯೇ, ಡಾಕ್ಟ್ರೇ? ಚಿಕಿತ್ಸೆ ಇರುವ ಯಾವ ಕಾಯಿಲೆಯನ್ನು ನಾವಿನ್ನೂ ನೋಡಿಲ್ಲ?" ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ನಿಂತು ಯೋಚಿಸುತ್ತಾರೆ.

ಚಿಕಿತ್ಸೆ ಇರುವುದನ್ನು ಮೊದಲು ಹುಡುಕಿ

ಹುಡುಕಾಟದ ಕ್ರಮವನ್ನು ಯಾವುದು ಹೆಚ್ಚು ಸಾಮಾನ್ಯ ಎಂಬುದರ ಮೇಲಷ್ಟೇ ನಿರ್ಧರಿಸಬಾರದು. ತಡವಾದರೆ ಮರಳಿ ಬಾರದ ಹಾನಿ ಮಾಡುವ, ಆದರೆ ಬೇಗ ಸಿಕ್ಕರೆ ಔಷಧಿ ಇರುವ ಕಾಯಿಲೆಗಳು ಸರದಿ ಬಿಟ್ಟು ಮುಂದೆ ಬರಬೇಕು.

ಹದಿಹರೆಯದಿಂದ ಮಧ್ಯವಯಸ್ಸಿನೊಳಗೆ ಕೈನಡುಕ, ಮಾತು ತೊದಲುವುದು, ವರ್ತನೆ ಬದಲಾಗುವುದು, ಕಾರಣ ತಿಳಿಯದ ಲಿವರ್ ತೊಂದರೆ ಇವುಗಳಲ್ಲಿ ಯಾವುದಿದ್ದರೂ ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯನ್ನು ನೋಡಿಯೇ ತೀರಬೇಕು. ಅದರ ಗುರುತುಗಳು: ರಕ್ತದಲ್ಲಿ ತಾಮ್ರ ಸಾಗಿಸುವ ಪ್ರೋಟೀನಾದ ಸೆರುಲೋಪ್ಲಾಸ್ಮಿನ್ 20 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ, 24 ಗಂಟೆಯ ಮೂತ್ರದಲ್ಲಿ ತಾಮ್ರ 100 ಮೈಕ್ರೋಗ್ರಾಂ ದಾಟಿರುವುದು, ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣಿನ ಅಂಚಿಗೆ ಕಂದು ಉಂಗುರ. ಲಿವರ್ ಮಾತ್ರ ಕೆಟ್ಟಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಉಂಗುರ ಇರುವುದೇ ಇಲ್ಲ. ಸೋಂಕು, ಉರಿಯೂತ, ಗರ್ಭ, ಈಸ್ಟ್ರೋಜನ್ ಮಾತ್ರೆ ಇದ್ದಾಗ ಸೆರುಲೋಪ್ಲಾಸ್ಮಿನ್ ತಾನೇ ಏರಿ, ಇರುವ ಕೊರತೆಯನ್ನು ಮುಚ್ಚಿಬಿಡಬಹುದು. ಪೆನಿಸಿಲಮೈನ್, ಟ್ರೈಎಂಟೀನ್, ಸತು ಇದರ ಔಷಧಿಗಳು. ಜೀವನಪೂರ್ತಿ ತಪ್ಪದೆ ತೆಗೆದುಕೊಳ್ಳಬೇಕು.

ಶಿಶುವಿಗೆ ಫಿಟ್ಸ್, ಕೂದಲು ಉದುರುವುದು, ಚರ್ಮದ ದದ್ದು ಒಟ್ಟಿಗಿದ್ದರೆ ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆ ಇರಬಹುದು. ದಿನಕ್ಕೆ 5ರಿಂದ 10 ಮಿ.ಗ್ರಾಂ ಬಯೋಟಿನ್ ಎಂಬ ವಿಟಮಿನ್ನೇ ಔಷಧಿ. ತಡವಾದರೆ ಹೋದ ಕಿವಿ, ಕಣ್ಣು ಮರಳುವುದು ಕಷ್ಟ. ಯಾವ ಔಷಧಿಗೂ ನಿಲ್ಲದ ನವಜಾತ ಶಿಶುವಿನ ಫಿಟ್ಸ್‌ಗೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಕೊಟ್ಟು ನೋಡಬೇಕು. ಉಸಿರಾಟ ನಿಲ್ಲುವ ಅಪಾಯ ಇರುವುದರಿಂದ ಮಾನಿಟರ್ ಇರುವಲ್ಲಿಯೇ ಕೊಡಬೇಕು. ಚಿಕ್ಕಂದಿನಲ್ಲಿ ಬಿಡದ ಭೇದಿ, ಎಳೆವಯಸ್ಸಿನಲ್ಲೇ ಕಣ್ಣಿನ ಪೊರೆ, ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಗಂಟು, ಆಮೇಲೆ ತೂರಾಡುವ ನಡಿಗೆ ಈ ಸರಣಿ ಸೆರೆಬ್ರೊಟೆಂಡಿನಸ್ ಜಾಂಥೊಮಟೋಸಿಸ್‌ನದು. ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆ ಸರಿಯಾಗಿಯೇ ಬರುತ್ತದೆ, ಕೊಲೆಸ್ಟನಾಲ್ ಅಳೆಯಬೇಕು. ಕೀನೊಡಿಆಕ್ಸಿಕೋಲಿಕ್ ಆಮ್ಲ ಅದನ್ನು ತಡೆಹಿಡಿಯುತ್ತದೆ. ಗ್ಲೂಟ್-1 ಕೊರತೆಗೆ ಕೀಟೋಜೆನಿಕ್ ಆಹಾರವೇ ಮದ್ದು. ಅದನ್ನು ಪತ್ತೆಹಚ್ಚಲು ಬೆನ್ನುಹುರಿಯ ದ್ರವ ತೆಗೆಯುವ ಮೊದಲು, ನಂತರವಲ್ಲ, ರಕ್ತದ ಗ್ಲೂಕೋಸ್ ತೆಗೆಯಬೇಕು. ಸೂಜಿ ಚುಚ್ಚಿದ ಗಾಬರಿಗೆ ರಕ್ತದ ಸಕ್ಕರೆ ಏರಿಬಿಟ್ಟರೆ ಎರಡರ ಅನುಪಾತವೇ ತಪ್ಪುತ್ತದೆ.

ಸ್ಯಾಂಪಲ್ ಕೆಟ್ಟರೆ ಉತ್ತರವೂ ಕೆಟ್ಟಿತು

ಇದು ಯಾರೂ ರೋಗಿಗೆ ಹೇಳದ ಭಾಗ, ಆದರೆ ಬಹಳಷ್ಟು ವರ್ಷಗಳು ಕಳೆದುಹೋಗುವುದು ಇಲ್ಲೇ.

ಅಮೋನಿಯಾ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕೈಗೆ ಪಟ್ಟಿಯನ್ನು ಬಿಗಿಯಾಗಿ ಬಹಳ ಹೊತ್ತು ಕಟ್ಟಿದರೆ, ಮಗು ಒದ್ದಾಡಿದರೆ, ಟ್ಯೂಬು ಮೇಜಿನ ಮೇಲೆ ಅರ್ಧ ಗಂಟೆ ಕೂತರೆ ಅಂಕಿ ಸುಳ್ಳಾಗಿಯೇ ಏರುತ್ತದೆ. ಸಲೀಸಾಗಿ ಹರಿಯುವ ರಕ್ತ, ಕೂಡಲೇ ಮಂಜುಗಡ್ಡೆಯಲ್ಲಿ ಟ್ಯೂಬು, 15ರಿಂದ 30 ನಿಮಿಷದೊಳಗೆ ಪ್ಲಾಸ್ಮಾ ಬೇರ್ಪಡಿಸುವುದು: ಇಷ್ಟಾಗಬೇಕು. ಸ್ಯಾಂಪಲ್ ತೆಗೆಯುವ ಮೊದಲೇ ಲ್ಯಾಬಿಗೆ ಫೋನು ಮಾಡಿರಬೇಕು. ಆದರೆ ಏರಿದ ಅಂಕಿಯನ್ನು 'ಸ್ಯಾಂಪಲ್ ದೋಷ' ಎಂದು ತಳ್ಳಿಹಾಕಿ ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅಪಾಯ. ಮಂಪರಿನಲ್ಲಿರುವ ನವಜಾತ ಶಿಶುವಿಗೆ ಲೀಟರಿಗೆ 150 ಮೈಕ್ರೋಮೋಲ್ ದಾಟಿದರೆ ತಕ್ಷಣ ಮತ್ತೊಂದು ಸ್ಯಾಂಪಲ್ ತೆಗೆದು, ಅಮೋನಿಯಾವನ್ನು ಯೂರಿಯಾ ಆಗಿಸಿ ಹೊರಹಾಕುವ ಯೂರಿಯಾ ಚಕ್ರದ ದೋಷ ಇದೆಯೆಂದೇ ಭಾವಿಸಿ ಹೆಜ್ಜೆ ಇಡಬೇಕು.

ರಕ್ತದ ಸಕ್ಕರೆ ಕುಸಿದು ಮಗು ಬಂದಾಗ ಸಿಗುವ ಕೆಲವೇ ನಿಮಿಷಗಳು ಮತ್ತೆ ಸಿಗುವುದಿಲ್ಲ. ಗ್ಲೂಕೋಸ್ ಕೊಡಲು ಸೂಜಿ ಹಾಕಿದ ಅದೇ ಕ್ಷಣ, ಕೊಡುವ ಮುನ್ನ, ರಕ್ತ ತೆಗೆದಿಡಬೇಕು: ಇನ್ಸುಲಿನ್, ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್, ಕೀಟೋನ್, ಕೊಬ್ಬಿನಾಮ್ಲ, ಲ್ಯಾಕ್ಟೇಟ್, ಅಮೋನಿಯಾ, ಅಸೈಲ್‌ಕಾರ್ನಿಟಿನ್. ಆಮೇಲೆ ಬರುವ ಮೊದಲ ಮೂತ್ರವನ್ನು ಆರ್ಗಾನಿಕ್ ಆಸಿಡ್ ಪರೀಕ್ಷೆಗೆ ಎತ್ತಿಡಬೇಕು. ರಕ್ತ ಸಿಗುತ್ತಿಲ್ಲವೆಂದು ಗ್ಲೂಕೋಸನ್ನು ತಡಮಾಡಬಾರದು. ಮಗು ಚೇತರಿಸಿಕೊಂಡು ವಾರವಾದ ಮೇಲೆ ಮಾಡಿಸಿದರೆ ಇದೇ ಪರೀಕ್ಷೆಗಳೆಲ್ಲ ನಾರ್ಮಲ್.

ಪೋರ್ಫೈರಿಯಾಕ್ಕೂ ಹೀಗೇ. ನೋವು ಜೋರಾಗಿರುವಾಗಿನ ಮೂತ್ರದಲ್ಲಿ ಪೋರ್ಫೋಬಿಲಿನೋಜನ್ ಎಂಬ ರಾಸಾಯನಿಕವನ್ನು ನೋಡಬೇಕು. 24 ಗಂಟೆ ಕೂಡಿಡುವ ಅಗತ್ಯವಿಲ್ಲ, ಒಮ್ಮೆಯ ಮೂತ್ರ ಸಾಕು, ಬೆಳಕು ತಾಕದಂತೆ ಹಾಳೆ ಸುತ್ತಿ ಕಳಿಸಿ. 'ಟೋಟಲ್ ಪೋರ್ಫೈರಿನ್' ಮಾತ್ರ ಸ್ವಲ್ಪ ಹೆಚ್ಚಿದ್ದರೆ ಅದರ ಮೇಲೆ ನಿರ್ಣಯ ಕಟ್ಟಬೇಡಿ, ಲಿವರ್ ತೊಂದರೆಯಂಥ ಬೇರೆ ಕಾರಣಗಳಿಂದಲೂ ಅದು ಏರುತ್ತದೆ.

ರಕ್ತ ಕೊಡಿಸಿದ ಮೇಲೆ ಕೆಂಪು ರಕ್ತಕಣದ ಕಿಣ್ವ ಪರೀಕ್ಷಿಸಿದರೆ ದಾನಿಯ ಕಿಣ್ವ ಸಿಗುತ್ತದೆ. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ದೇಹ ಬಳಸಲಾರದ ಗ್ಯಾಲಕ್ಟೋಸೀಮಿಯಾದ ಕಿಣ್ವಪರೀಕ್ಷೆ ಸುಮಾರು ಮೂರು ತಿಂಗಳು ನಂಬಲರ್ಹವಲ್ಲ. ಮೂಳೆ ಮಜ್ಜೆಯ ಕಸಿಯಾದವರ ರಕ್ತದ ಡಿಎನ್‌ಎ ದಾನಿಯದೇ. ಅವರಿಗೆ ಚರ್ಮದಿಂದ ತೆಗೆಯಬೇಕು. ಕೂದಲು, ಉಗುರಿಗೆಂದು ಹೆಚ್ಚು ಬಯೋಟಿನ್ ನುಂಗುವವರ ಥೈರಾಯ್ಡ್ ಮುಂತಾದ ಹಾರ್ಮೋನ್ ಪರೀಕ್ಷೆಗಳು ಕೆಲವು ಯಂತ್ರಗಳಲ್ಲಿ ತಪ್ಪಾಗಿ ಬರುತ್ತವೆ. ಫಿಲ್ಟರ್ ಪೇಪರಿನ ಒಣರಕ್ತದ ಚುಕ್ಕೆಯನ್ನು ನೆರಳಿನಲ್ಲಿ ಅಡ್ಡಲಾಗಿ ಇಟ್ಟು ಮೂರು ನಾಲ್ಕು ಗಂಟೆ ಆರಲು ಬಿಡಬೇಕು. ಹಸಿಯಿರುವಾಗ ಮಡಚಿ ಚೀಲಕ್ಕೆ ಹಾಕಿದರೆ ಕಿಣ್ವ ನಾಶವಾಗಿ, ಇಲ್ಲದ ಕಾಯಿಲೆ ಇದೆ ಎಂದು ಬರುತ್ತದೆ.

ಬಯಾಪ್ಸಿಯಲ್ಲಿ ಆಗುವ ತಪ್ಪನ್ನು ತಿದ್ದಲು ಮತ್ತೊಮ್ಮೆ ಕತ್ತರಿಸಬೇಕಾಗುತ್ತದೆ. ಚರ್ಮದ ಜೀವಕೋಶ ಬೆಳೆಸಬೇಕಿದ್ದರೆ ತುಣುಕು ಕಲ್ಚರ್ ದ್ರವಕ್ಕೆ ಹೋಗಬೇಕು. ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿದರೆ ಜೀವಕೋಶ ಸತ್ತವು. ಸ್ನಾಯುವಿನ ಕಿಣ್ವ ಅಳೆಯಲು ತುಣುಕನ್ನು ಕೂಡಲೇ ಹೆಪ್ಪುಗಟ್ಟಿಸಬೇಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗ್ಲುಟರಾಲ್ಡಿಹೈಡ್ ಬೇಕು. ಯಾವ ತುಣುಕು ಯಾವ ದ್ರವಕ್ಕೆ ಎಂದು ಹಿಂದಿನ ದಿನವೇ ಶಸ್ತ್ರಚಿಕಿತ್ಸಕರ ಕೈಗೆ ಚೀಟಿ ಸೇರಿರಲಿ.

ಜೀನ್ ಪರೀಕ್ಷೆ: ಯಾವುದು ಏನನ್ನು ಕಾಣದು

ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಸುಮಾರು 20,000. ಆ ಪ್ರೋಟೀನುಗಳ ಸಂಕೇತ ಇರುವ ಭಾಗವನ್ನಷ್ಟೇ ಓದುವುದು ಎಕ್ಸೋಮ್ ಪರೀಕ್ಷೆ. ಇಡೀ ಜೀನೋಮಿನ 1ರಿಂದ 2% ಮಾತ್ರ. ಆದರೂ ತಿಳಿದ ಕಾಯಿಲೆಗಳ ಬಹುಪಾಲು ಮ್ಯುಟೇಷನ್‌ಗಳು, ಅಂದರೆ ಜೀನಿನ ಬದಲಾವಣೆಗಳು, ಅಲ್ಲೇ ಇವೆ. ಒಂದು ನಿರ್ದಿಷ್ಟ ಕಾಯಿಲೆಯ ಚಿತ್ರ ಸ್ಪಷ್ಟವಾಗಿದ್ದರೆ ಆ ಜೀನ್ ಒಂದನ್ನೇ ನೋಡಿ. ಚಿತ್ರ ಮಸುಕಾಗಿದ್ದರೆ ಎಕ್ಸೋಮ್ ಅಥವಾ ಇಡೀ ಜೀನೋಮ್. ಸಾಧ್ಯವಿದ್ದಲ್ಲೆಲ್ಲ ತಂದೆತಾಯಿಯ ರಕ್ತವನ್ನೂ ಒಟ್ಟಿಗೆ ಕಳಿಸಿ. ಮಗುವಿನಲ್ಲಿ ಹೊಸದಾಗಿ ಹುಟ್ಟಿದ ಮ್ಯುಟೇಷನ್ ಯಾವುದು, ಯಾರಿಂದ ಯಾವುದು ಬಂತು ಎಂದು ಮೂವರನ್ನೂ ಹೋಲಿಸಿದಾಗಲೇ ಬಿಡಿಸಿಕೊಳ್ಳುತ್ತದೆ.

ಫಾರಂನಲ್ಲಿ 'ಬೆಳವಣಿಗೆ ಕುಂಠಿತ' ಎಂದು ಎರಡು ಪದ ಬರೆದು ಕಳಿಸುವುದು ತೀರಾ ಸಾಮಾನ್ಯವಾದ ತಪ್ಪು. ಜೀನುಗಳಲ್ಲಿ ಕಾಣುವ ಸಾವಿರಾರು ರೂಪಾಂತರಗಳಲ್ಲಿ ಯಾವುದು ಮುಖ್ಯ ಎಂದು ಲ್ಯಾಬು ಸೋಸುವುದು ನೀವು ಬರೆದ ಲಕ್ಷಣಗಳನ್ನು ಇಟ್ಟುಕೊಂಡೇ. ನಿಮ್ಮ ಆ ಒಂದು ಹಾಳೆಯನ್ನು, ವಂಶವೃಕ್ಷವನ್ನು ಜೊತೆಗೆ ಲಗತ್ತಿಸಿ.

ಎಕ್ಸೋಮ್ ಏನನ್ನು ತಪ್ಪಿಸಿಬಿಡುತ್ತದೆ ಎಂಬುದನ್ನು ಪರೀಕ್ಷೆಗೆ ಮೊದಲೇ ತಿಳಿದಿರಬೇಕು. ಡಿಎನ್‌ಎ ಅಕ್ಷರಗಳ ಒಂದೇ ಸರಣಿ ಮತ್ತೆ ಮತ್ತೆ ಬಂದು ಉದ್ದ ಬೆಳೆಯುವುದರಿಂದ ಬರುವ ಫ್ರಜೈಲ್ ಎಕ್ಸ್, ಹಂಟಿಂಗ್ಟನ್, ಫ್ರೀಡ್ರೀಚ್ ಅಟಾಕ್ಸಿಯಾ, ಮಯೋಟೋನಿಕ್ ಡಿಸ್ಟ್ರೊಫಿ ಅದಕ್ಕೆ ಕಾಣುವುದಿಲ್ಲ. ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಎಸ್‌ಎಂಎನ್1 ಜೀನಿಗೆ ಎಸ್‌ಎಂಎನ್2 ಎಂಬ ಅವಳಿಯಂಥ ಜೀನ್ ಇರುವುದರಿಂದ ಪ್ರತ್ಯೇಕ ಪರೀಕ್ಷೆ ಬೇಕು. ಪ್ರೇಡರ್-ವಿಲ್ಲಿ, ಏಂಜಲ್ಮನ್ ಕಾಯಿಲೆಗಳಿಗೆ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡುವ ಮಿಥೈಲೇಷನ್ ಪರೀಕ್ಷೆ ಬೇಕು. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಡಿಎನ್‌ಎ ಬೇರೆಯೇ ಓದಿಸಬೇಕು. ಆ ಡಿಎನ್‌ಎಯ ದೋಷದಿಂದ ಬರುವ ಮೆಲಾಸ್ ಕಾಯಿಲೆಯ ಪ್ರಮುಖ ಮ್ಯುಟೇಷನ್ ವಯಸ್ಸಾದಂತೆ ರಕ್ತದಲ್ಲಿ ಕರಗುತ್ತಾ ಹೋಗುತ್ತದೆ, ಮೂತ್ರದ ಜೀವಕೋಶಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ದೇಹದ ಒಂದು ಭಾಗದಲ್ಲಷ್ಟೇ ಇರುವ ದೋಷಕ್ಕೆ ಆ ಭಾಗದ ಚರ್ಮವೇ ಬೇಕು.

ವರದಿ ಬಂದಾಗ ಐದು ದರ್ಜೆಗಳಲ್ಲಿ ಒಂದನ್ನು ನೋಡುತ್ತೀರಿ, 2015ರ ಅಮೆರಿಕನ್ ಮಾರ್ಗಸೂಚಿಯ ಪ್ರಕಾರ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ತಿಳಿಯದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನ ದರ್ಜೆಯನ್ನು ವೈದ್ಯರು 'ವಿಯುಎಸ್' ಎನ್ನುತ್ತಾರೆ. ಅದನ್ನು ಕಾಯಿಲೆಯ ಹೆಸರೆಂದು ಹಿಡಿದುಕೊಂಡು ಚಿಕಿತ್ಸೆ ಶುರುಮಾಡಬಾರದು, ಅದರ ಮೇಲೆ ಗರ್ಭದ ನಿರ್ಧಾರವನ್ನಂತೂ ಮಾಡಲೇಬಾರದು. ಮಾಡಬೇಕಾದದ್ದು ಇಷ್ಟು: ಮನೆಯಲ್ಲಿ ಕಾಯಿಲೆ ಇರುವ ಇತರರಲ್ಲೂ ಅದು ಇದೆಯೇ ನೋಡಿ, ಆ ಜೀನ್ ತಯಾರಿಸುವ ಕಿಣ್ವ ಅಥವಾ ರಾಸಾಯನಿಕವನ್ನು ಅಳೆದು, ಜೀನ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಿರಿ, ಕ್ಲಿನ್‌ವಾರ್ ಎಂಬ ತೆರೆದ ದಾಖಲೆಯಲ್ಲಿ ಆ ರೂಪಾಂತರದ ದರ್ಜೆ ಬದಲಾಗಿದೆಯೇ ಎಂದು ಆಗಾಗ ನೋಡಿಸಿ. ಇನ್ನೊಂದು ಎಚ್ಚರ: ಎಕ್ಸೋಮಿನಿಂದ ಉತ್ತರ ಸಿಕ್ಕವರಲ್ಲಿ ಸುಮಾರು 5% ಮಂದಿಗೆ ಒಂದಲ್ಲ, ಎರಡು ಆನುವಂಶಿಕ ಕಾಯಿಲೆಗಳಿರುತ್ತವೆ. ಸಿಕ್ಕ ಹೆಸರಿಗೆ ಒಂದೆರಡು ಲಕ್ಷಣ ಹೊಂದದಿದ್ದರೆ ಹುಡುಕಾಟ ಮುಗಿದಿಲ್ಲ.

ಉತ್ತರ ಸಿಗದವರೇ ಹೆಚ್ಚು. ಅಂಥವರು ಕಚ್ಚಾ ದತ್ತಾಂಶವನ್ನು, ಅಂದರೆ ಫಾಸ್ಟ್‌ಕ್ಯೂ ಅಥವಾ ಬ್ಯಾಮ್ ಫೈಲನ್ನು, ಲ್ಯಾಬಿನಿಂದ ಪಡೆದು ಎರಡು ಕಡೆ ಜೋಪಾನ ಮಾಡಿ. ರೂಪಾಂತರಗಳ ಪಟ್ಟಿಯಷ್ಟೇ ಇರುವ ವಿಸಿಎಫ್ ಫೈಲೊಂದೇ ಸಾಲದು. ಒಂದೆರಡು ವರ್ಷದ ನಂತರ ಅದೇ ದತ್ತಾಂಶವನ್ನು ಮತ್ತೆ ಓದಿಸಿ. ರಕ್ತ ಹೊಸದಾಗಿ ಬೇಕಿಲ್ಲ, ಜ್ಞಾನ ಹೊಸದಾಗಿರುತ್ತದೆ. ನಿಮ್ಮ ವೈದ್ಯರು ಜೀನ್‌ಮ್ಯಾಚರ್ ಎಂಬ ಜಾಲತಾಣದಲ್ಲಿ ಶಂಕಿತ ಜೀನನ್ನು ದಾಖಲಿಸಿದರೆ, ಅದೇ ಜೀನಿನ ರೋಗಿ ಇರುವ ಇನ್ನೊಬ್ಬ ವೈದ್ಯರ ಸಂಪರ್ಕ ಸಿಗಬಹುದು. ಕಾಯಿಲೆಯ ಬಗ್ಗೆ ಓದಲು ಓರ್ಫನೆಟ್, ಜೀನ್‌ರಿವ್ಯೂಸ್, ಓಮಿಮ್ ಎಂಬ ಜಾಲತಾಣಗಳು ನಂಬಬಹುದಾದವು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2008ರಲ್ಲಿ ಹೆಸರಿಲ್ಲದ ಕಾಯಿಲೆಗಳಿಗೆಂದೇ ಒಂದು ಕಾರ್ಯಕ್ರಮ ಶುರುಮಾಡಿತು.

ಹೆಸರು ಸಿಕ್ಕ ಮೇಲೆ

ಹೆಸರು ಸಿಕ್ಕ ದಿನ ಅಳು, ನಿರಾಳ ಎರಡೂ ಬರುತ್ತವೆ, ಬರಲಿ. ಆದರೆ ಚಿಕಿತ್ಸೆ ಶುರುವಾಗುವ ಮೊದಲು ಇಂದಿನ ಸ್ಥಿತಿಯನ್ನು ಅಳೆದಿಡಲೇಬೇಕು. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯುತ್ತಾರೆ, ಕೂತಾಗ ಮತ್ತು ಮಲಗಿದಾಗ ಶ್ವಾಸಕೋಶದ ಸಾಮರ್ಥ್ಯ (ಕಿಣ್ವದ ಕೊರತೆಯಿಂದ ಸ್ನಾಯು ಸೊರಗುವ ಪಾಂಪೆ ಕಾಯಿಲೆಯಲ್ಲಿ ಮಲಗಿದಾಗಿನ ಕುಸಿತ, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ದೌರ್ಬಲ್ಯದ ಗುರುತು), ಗುಲ್ಮದ ಗಾತ್ರ, ಕಿಡ್ನಿ, ಹೃದಯದ ಎಕೋ. ಈ ಅಳತೆ ಇಲ್ಲದಿದ್ದರೆ ಔಷಧಿ ಫಲಿಸುತ್ತಿದೆಯೇ ಎಂದು ಎರಡು ವರ್ಷದ ನಂತರವೂ ಯಾರಿಗೂ ಹೇಳಲಾಗದು.

ಕಿಣ್ವದ ಕೊರತೆಯಿಂದ ಗುಲ್ಮ, ಲಿವರ್ ಊದಿಕೊಳ್ಳುವ ಗೌಷರ್ ಕಾಯಿಲೆಗೆ ಮೊದಲ ಕಿಣ್ವಪೂರಣ ಚಿಕಿತ್ಸೆ (ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವುದು) ಬಂದದ್ದು 1991ರಲ್ಲಿ. ಈಗ ಫ್ಯಾಬ್ರಿ, ಪಾಂಪೆಗೂ ಇದೆ, ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಡ್ರಿಪ್. ಹೀಗೆ ಕೊಟ್ಟ ಕಿಣ್ವ ಮಿದುಳಿನೊಳಗೆ ಹೋಗುವುದಿಲ್ಲವಾದ್ದರಿಂದ ಗುಲ್ಮ ಕರಗಿದರೂ ಮಿದುಳಿನ ಲಕ್ಷಣ ಹಾಗೆಯೇ ಉಳಿಯಬಹುದು. ಹುಟ್ಟಿನಿಂದಲೇ ಆ ಕಿಣ್ವ ಒಂದಿಷ್ಟೂ ಇಲ್ಲದ ಪಾಂಪೆ ಶಿಶುವಿನ ದೇಹ ಔಷಧಿಯನ್ನೇ ಶತ್ರುವೆಂದು ಎಣಿಸಿ ಪ್ರತಿಕಾಯ ಹುಟ್ಟಿಸುತ್ತದೆ. ಅದನ್ನು ತಗ್ಗಿಸುವ ಔಷಧಿಯನ್ನು ಮೊದಲ ಡೋಸಿನ ಹೊತ್ತಿಗೇ ಯೋಜಿಸಬೇಕು. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯ ಔಷಧಿ ನುಸಿನೆರ್ಸೆನ್ 2016ರಲ್ಲಿ, ಜೀನ್ ಚಿಕಿತ್ಸೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಸತ್ತ ನರಕೋಶವನ್ನು ಇವು ಎಬ್ಬಿಸಲಾರವು, ಹಾಗಾಗಿ ಲಕ್ಷಣ ಕಾಣುವ ಮೊದಲೇ ಕೊಟ್ಟ ಮಕ್ಕಳಲ್ಲಿ ಫಲ ಬಹಳ ಹೆಚ್ಚು.

ಕೆಲವು ಕಾಯಿಲೆಗಳಿಗೆ ಕಾಯುವ ಕಾಲ ಬಹಳ ದೀರ್ಘ. ಮೂತ್ರವನ್ನು ಹಾಗೇ ಇಟ್ಟರೆ ಕಪ್ಪಾಗುವ ಆಲ್ಕ್ಯಾಪ್ಟೊನ್ಯೂರಿಯಾವನ್ನು ಬ್ರಿಟಿಷ್ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್ ವಿವರಿಸಿ ಆನುವಂಶಿಕ ಎಂದು ತೋರಿಸಿದ್ದು 1902ರಲ್ಲಿ. ಅದಕ್ಕೆಂದು ನಿಟಿಸಿನೋನ್ ಎಂಬ ಔಷಧಿ ಯುರೋಪಿನಲ್ಲಿ ಒಪ್ಪಿಗೆ ಪಡೆದದ್ದು 2020ರಲ್ಲಿ.

ಔಷಧಿಯೇ ಇಲ್ಲದಿದ್ದರೆ ಕ್ಲಿನಿಕಲ್ ಟ್ರಯಲ್, ಅಂದರೆ ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗ, ಹುಡುಕುತ್ತೀರಿ. ನಿಮ್ಮ ಮ್ಯುಟೇಷನ್, ವಯಸ್ಸು, ನಡೆಯುವ ಶಕ್ತಿ ಅದರ ಷರತ್ತಿಗೆ ಹೊಂದುತ್ತದೆಯೇ, ಪ್ಲಸೀಬೊ (ಔಷಧಿಯಂತೆ ಕಾಣುವ ಹುಸಿಮದ್ದು) ಪಡೆಯುವ ಗುಂಪು ಇದೆಯೇ, ಇದರಲ್ಲಿ ಸೇರಿದರೆ ಮುಂದೆ ಬೇರೆ ಚಿಕಿತ್ಸೆಯ ಬಾಗಿಲು ಮುಚ್ಚುತ್ತದೆಯೇ ಎಂದು ಕೇಳಿ. ವೈರಸ್ ಮೂಲಕ ಕೊಡುವ ಜೀನ್ ಚಿಕಿತ್ಸೆ ಒಮ್ಮೆ ಪಡೆದರೆ ಪ್ರತಿಕಾಯ ಹುಟ್ಟಿ ಎರಡನೆಯದನ್ನು ಪಡೆಯಲಾಗದಿರಬಹುದು. ಟ್ರಯಲ್ ಎಂದು ಹೇಳಿ ಔಷಧಿಗೆ ಹಣ ಕೇಳುವವರಿಂದ, ಎಲ್ಲ ಕಾಯಿಲೆಗೂ ಒಂದೇ ಸ್ಟೆಮ್‌ಸೆಲ್ ಚಿಕಿತ್ಸೆ ಎನ್ನುವವರಿಂದ ದೂರವಿರಿ. ಇವರು ದೋಚುವುದು ಆಸೆಯನ್ನು, ಅದಕ್ಕೇ ಇಷ್ಟು ಕಟುವಾಗಿ ಹೇಳಬೇಕಾಗಿದೆ.

ತುರ್ತುಪತ್ರ

ನಡುರಾತ್ರಿ ತುರ್ತು ವಿಭಾಗದಲ್ಲಿ ಇರುವ ಕಿರಿಯ ವೈದ್ಯರು ನಿಮ್ಮ ಕಾಯಿಲೆಯ ಹೆಸರನ್ನು ಕೇಳಿರಲಾರರು. ತಜ್ಞರ ಸಹಿ, ಫೋನ್ ಸಂಖ್ಯೆ ಇರುವ ಒಂದು ಪುಟದ ಪತ್ರ ಪರ್ಸಿನಲ್ಲಿ, ಮೊಬೈಲಿನಲ್ಲಿ, ಶಾಲೆಯಲ್ಲಿ ಇರಲಿ. ಮೊದಲ ಸಾಲು ಕಾಯಿಲೆಯ ಹೆಸರು; ಎರಡನೆಯದು 'ಮೊದಲ 30 ನಿಮಿಷದಲ್ಲಿ ಇದನ್ನು ಮಾಡಿ'; ಮೂರನೆಯದು 'ಇದನ್ನು ಕೊಡಬೇಡಿ'.

ಕೊಬ್ಬನ್ನು ಉರಿಸಲಾಗದ ಎಂಸಿಎಡಿ ಕೊರತೆಯ ಮಗು ವಾಂತಿ ಮಾಡುತ್ತಿದ್ದರೆ, ರಕ್ತದ ಸಕ್ಕರೆ ಸರಿಯಿದ್ದರೂ 10% ಡೆಕ್ಸ್‌ಟ್ರೋಸ್ ಡ್ರಿಪ್ ಶುರುಮಾಡಬೇಕು. ಸಕ್ಕರೆ ಕುಸಿಯುವುದು ಕೊನೆಯ ಹಂತ. ಆದರೆ ಗ್ಲೂಕೋಸನ್ನು ಶಕ್ತಿಯಾಗಿಸಲು ಬೇಕಾದ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆಯಲ್ಲಿ ಅದೇ ಗ್ಲೂಕೋಸ್ ಲ್ಯಾಕ್ಟೇಟನ್ನು ಏರಿಸುತ್ತದೆ, ಅದಕ್ಕೇ ಪತ್ರ ಕಾಯಿಲೆಗೆ ತಕ್ಕಂತೆ ಇರಬೇಕು. ಆನುವಂಶಿಕ ಆಂಜಿಯೊಎಡೀಮಾದಲ್ಲಿ ಗಂಟಲು ಊದಿದರೆ ಅಡ್ರಿನಲಿನ್, ಸ್ಟೀರಾಯ್ಡ್ ನೆಚ್ಚಿ ಕೂರುವಂತಿಲ್ಲ. ಸಿ1 ಇನ್‌ಹಿಬಿಟರ್ ಅಥವಾ ಇಕಟಿಬಾಂಟ್ ಬೇಕು, ಉಸಿರಿನ ದಾರಿಯ ಮೇಲೆ ಕಣ್ಣಿರಬೇಕು. ಅಡ್ರಿನಲ್ ಗ್ರಂಥಿಯ ಕೊರತೆ ಇರುವ ವಯಸ್ಕರಿಗೆ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ. ಪಿಒಎಲ್‌ಜಿ ಜೀನಿನ ಕಾಯಿಲೆಯಲ್ಲಿ ಫಿಟ್ಸ್‌ಗೆ ಸೋಡಿಯಂ ವ್ಯಾಲ್‌ಪ್ರೊಯೇಟ್ ಕೊಟ್ಟರೆ ಲಿವರ್ ಸೋತು ಸಾವು ಬರಬಹುದು. ಅರಿವಳಿಕೆ ಕೊಟ್ಟಾಗ ಸ್ನಾಯು ಬಿಗಿದು ಮೈ ವಿಪರೀತ ಕಾಯುವ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾದ ಅಪಾಯ ಇರುವವರ ಪತ್ರದಲ್ಲಿ ಸಕ್ಸಿನೈಲ್‌ಕೋಲಿನ್ ಮತ್ತು ಉಸಿರಿನ ಮೂಲಕ ಕೊಡುವ, ಆವಿಯಾಗುವ ಅರಿವಳಿಕೆ ಔಷಧಿಗಳು ನಿಷಿದ್ಧ, ಅದರ ಮದ್ದಾದ ಡ್ಯಾಂಟ್ರೊಲೀನ್ ಪ್ರತಿ ಕೆ.ಜಿ.ಗೆ 2.5 ಮಿ.ಗ್ರಾಂ ಎಂದು ಬರೆದಿರಬೇಕು. ತೂಕ ಬದಲಾದಂತೆ, ಕನಿಷ್ಠ ವರ್ಷಕ್ಕೊಮ್ಮೆ, ಪತ್ರವನ್ನು ಹೊಸದಾಗಿ ಬರೆಸಿ. ಹಳೆಯ ಪ್ರತಿಗಳನ್ನು ಹರಿದುಹಾಕಿ, ತಪ್ಪು ಡೋಸ್ ಯಾರ ಕೈಗೂ ಸಿಗದಿರಲಿ.

ಒಡಹುಟ್ಟಿದವರು

ತಂದೆತಾಯಿ ಇಬ್ಬರೂ ವಾಹಕರಾಗಿರುವ (ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದು, ತಾವು ಆರೋಗ್ಯವಾಗಿರುವ) ಕಾಯಿಲೆಯಲ್ಲಿ ಪ್ರತಿ ಮಗುವಿಗೂ 25% ಸಾಧ್ಯತೆ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ರಿಯಾಯಿತಿ ಇಲ್ಲ. ಹೊಸದಾಗಿ ಹುಟ್ಟಿದ ಮ್ಯುಟೇಷನ್ ಆದರೆ ಸಾಧ್ಯತೆ ಬಹಳ ಕಡಿಮೆ, ಆದರೆ ತಂದೆ ಅಥವಾ ತಾಯಿಯ ಕೆಲವು ಅಂಡ-ವೀರ್ಯಕೋಶಗಳಲ್ಲಿ ಅದು ಅಡಗಿರಬಹುದಾದ್ದರಿಂದ ಸೊನ್ನೆಯಲ್ಲ. ಮುಂದಿನ ಗರ್ಭಕ್ಕೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ.

ವಿಲ್ಸನ್‌ನಂಥ ಚಿಕಿತ್ಸೆ ಇರುವ ಕಾಯಿಲೆಯಲ್ಲಿ, ಅಣ್ಣನಿಗೆ ನಿರ್ಣಯವಾದ ವಾರವೇ ಆರೋಗ್ಯವಾಗಿ ಓಡಾಡುತ್ತಿರುವ ತಂಗಿಯನ್ನೂ ಪರೀಕ್ಷಿಸಬೇಕು; ಲಕ್ಷಣ ಬರುವ ಮೊದಲೇ ಔಷಧಿ ಶುರುವಾದರೆ ಅವಳಿಗೆ ಆ ಕೈನಡುಕ ಬಾರದಂತೆ ತಡೆಯಬಹುದು. ಅವಳಿಗೆ ಇಡೀ ಎಕ್ಸೋಮ್ ಬೇಕಿಲ್ಲ. ಅಣ್ಣನ ವರದಿಯಲ್ಲಿರುವ ಜೀನಿನ ಹೆಸರು ಮತ್ತು ಎರಡೂ ಮ್ಯುಟೇಷನ್‌ಗಳ ಸಂಕೇತ ಲ್ಯಾಬಿಗೆ ಕೊಟ್ಟರೆ ಆ ಎರಡು ಜಾಗಗಳನ್ನಷ್ಟೇ ನೋಡುತ್ತಾರೆ. ಆ ಪುಟದ ಒಂದೊಂದು ಪ್ರತಿ ಎಲ್ಲ ಒಡಹುಟ್ಟಿದವರ ಬಳಿಯೂ ಇರಲಿ.